ಅಕ್ಕನ ಜೋಡಿ ಪ್ಲೇಟ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಪ್ರಯೋಗಾಲಯದಲ್ಲೂ ಹೇಳುತ್ತಾರೆ. ಎರಡೂ ಕಡೆ ಹೇಳುವವಳು ಒಬ್ಬಳೇ, ನನ್ನ ಅಕ್ಕ. ಇರುವುದು ಒಂದೇ ಮನೆಯಲ್ಲಿ, ಕೆಲಸವೂ ಒಂದೇ ಕಟ್ಟಡದಲ್ಲಿ. ನಾನು ಎರಡನೇ ಮಹಡಿಯಲ್ಲಿ ಔಷಧವಾಗಬಹುದಾದ ರಾಸಾಯನಿಕಗಳನ್ನು ತಯಾರಿಸುತ್ತೇನೆ. ಅಕ್ಕ ಕೆಳಗಿನ ಮಹಡಿಯಲ್ಲಿ ಕ್ಯಾನ್ಸರಿನ ಜೀವಕೋಶಗಳನ್ನು ಸಾಕುತ್ತಾಳೆ. ಸಾಕುವುದೆಂದರೆ ನಿಜವಾಗಿಯೂ ಸಾಕುವುದೇ: ಎರಡು ದಿನಕ್ಕೊಮ್ಮೆ ಹೊಸ ಆಹಾರದ್ರವ, ಮೈಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆ, ಭಾನುವಾರವೂ ಒಂದು ಸಲ ಹೋಗಿ ಮುಖ ನೋಡಿ ಬರುವುದು. ಇಷ್ಟೆಲ್ಲ ಮಾಡುವುದು ನಾನು ಕೊಲ್ಲಲಿ ಎಂದು.

ಕೊಲ್ಲುವುದು ಮಾತ್ರ ನನ್ನಿಂದ ಆಗಿರಲಿಲ್ಲ. ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಅದಕ್ಕೆ ಬಲ ಬರುವುದು ಅಲ್ಲಿಂದ. ಇನ್ನು ಸಾಕು, ಸಾಯಿ ಎಂಬ ಆಜ್ಞೆ ಹೊರಡುವುದೂ ಅಲ್ಲಿಂದಲೇ. ಕ್ಯಾನ್ಸರಿನ ಜೀವಕೋಶ ಆ ಆಜ್ಞೆಯನ್ನು ಅದುಮಿಟ್ಟುಕೊಂಡು ಬೆಳೆಯುತ್ತ ಹೋಗುತ್ತದೆ. ಒಲೆಯನ್ನೇ ಹೊಕ್ಕು ಕೆಡಿಸಿ, ಅದು ತಾನಾಗಿ ಸಾಯುವಂತೆ ಮಾಡುವ ವಸ್ತುವನ್ನು ನಾನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೆ. ಮೂವತ್ತಾರು ತಯಾರಿಸಿದೆ. ಮೂವತ್ತಾರು ಸಲವೂ ಅಕ್ಕ ಮೆಟ್ಟಿಲು ಹತ್ತಿ ಬಂದು, ಬಾಣಂತಿಯ ಸುದ್ದಿ ತಂದ ದಾದಿಯ ಹಾಗೆ, ಎಲ್ಲ ಚೆನ್ನಾಗಿವೆ ಎಂದಳು. ಮೂವತ್ತೇಳನೆಯದೂ ಸೋತರೆ ನಾನು ಕೆಲಸ ಮಾಡುವ ಬೆಂಚನ್ನು ಪಕ್ಕದ ತಂಡಕ್ಕೆ ಕೊಡುವುದಾಗಿ ಮುಖ್ಯಸ್ಥರು ಹೇಳಿಬಿಟ್ಟಿದ್ದರು.

ಅಕ್ಕನದೊಂದು ಅಭ್ಯಾಸವಿತ್ತು. ಪರೀಕ್ಷೆಗೆ ಒಂದು ಪ್ಲೇಟ್ ಸಾಕಾದರೂ ಎರಡು ಮಾಡುತ್ತಿದ್ದಳು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟ್, ಅದರಲ್ಲಿ ತೊಂಬತ್ತಾರು ಗುಳಿ: ಹೆಚ್ಚಿನವುಗಳಲ್ಲಿ ಕ್ಯಾನ್ಸರಿನ ಜೀವಕೋಶ, ಹೋಲಿಸಿ ನೋಡಲು ಕೆಲವುಗಳಲ್ಲಿ ಆರೋಗ್ಯವಂತ ಜೀವಕೋಶ, ಇನ್ನು ಕೆಲವಕ್ಕೆ ನನ್ನ ಪುಡಿಯನ್ನೇ ಹಾಕುವುದಿಲ್ಲ. ಒಂದಕ್ಕೆ ಬಣ್ಣ ಹಾಕಿ ಅಳೆದು ಎಸೆಯುವುದು. ಇನ್ನೊಂದನ್ನು ಇಟ್ಟುಕೊಂಡು ದಿನಾ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹನ್ನೊಂದು ಹಂತ ದಾಟಿ ಚಿಟಿಕೆಯಷ್ಟು ಸಿಗುವ ನನ್ನ ಪುಡಿ ಹೀಗೆ ಎರಡರಷ್ಟು ಖರ್ಚಾಗುತ್ತಿತ್ತು. ಹೋದ ತಿಂಗಳು ಸಭೆಯಲ್ಲಿ ಎಲ್ಲರೆದುರು ದೂರು ಹೇಳಿದೆ. ಜೋಡಿ ಪ್ಲೇಟ್ ನಿಲ್ಲಿಸಿ ಎಂದರು ಮುಖ್ಯಸ್ಥರು. ಅಕ್ಕ ತಲೆಯಾಡಿಸಿದಳು, ಆಮೇಲೆ ಮನೆಯಲ್ಲಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮಂಗಳವಾರ ಮೂವತ್ತೇಳನೆಯದರ ಅಳತೆ. ಹಳದಿ ದ್ರಾವಣ ಹಾಕಿದರೆ ಬದುಕಿರುವ ಜೀವಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತಲ್ಲಿ ಹಳದಿ ಹಾಗೇ ಉಳಿಯುತ್ತದೆ. ಆ ದಿನ ನನ್ನ ವಸ್ತು ಬಿದ್ದ ಸಾಲುಗಳಲ್ಲಿ ನೇರಳೆ ಇಲ್ಲವೆನ್ನುವಷ್ಟು ಕಡಿಮೆ. ಶೇಕಡ ತೊಂಬತ್ತೆರಡು ಸಾವು ಎಂದಿತು ಯಂತ್ರ. ಕಾಗದ ಹಿಡಿದು ಓಡಿದೆ. ಮುಖ್ಯಸ್ಥರು ಎದ್ದು ನಿಂತು ಕೈ ಕುಲುಕಿದರು; ಮುಂದಿನ ಹಂತದ ಪರೀಕ್ಷೆ ನಡೆಸುವವರಿಗೆ ಮರುದಿನ ಹತ್ತು ಗಂಟೆಗೇ ಪತ್ರ ಹೋಗಬೇಕು ಎಂದರು.

ಸಂಜೆ ಮನೆಯಲ್ಲಿ ನಾನು ಹಾಡಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ಪಕ್ಕದಲ್ಲಿ ಒರೆಸುತ್ತಿದ್ದ ಅಕ್ಕ ಮೆಲ್ಲಗೆ ಬಾಯಿ ಬಿಟ್ಟಳು.

"ಅವು ಸತ್ತಿಲ್ಲ ಕಣೇ."

ತೊಂಬತ್ತೆರಡು ಎಂದು ಯಂತ್ರವೇ ಹೇಳಿದೆಯಲ್ಲ ಎಂದೆ. ಹಳದಿಯನ್ನು ನೇರಳೆ ಮಾಡುವುದು ಹೆಚ್ಚಾಗಿ ಆ ಒಲೆಗಳೇ, ನಿನ್ನ ವಸ್ತು ಆರಿಸುವುದೂ ಒಲೆಗಳನ್ನೇ, ಮತ್ತೆ ಬಣ್ಣ ಎಲ್ಲಿಂದ ಬರಬೇಕು ಎಂದಳು.

"ಒಲೆ ಉರೀತಿಲ್ಲ ಅಂದ ಮಾತ್ರಕ್ಕೆ ಮನೆಯವರೆಲ್ಲ ಸತ್ರು ಅಂತಲ್ಲ. ಡಬ್ಬದಲ್ಲಿ ಸಕ್ಕರೆ ಇದ್ರೆ ಅದನ್ನೇ ಮುಕ್ಕಿಕೊಂಡು ನಾಲ್ಕು ದಿನ ಇರ್ತಾರೆ."

ಹಾಲಿಗೆ ಹುಳಿ ಹಿಂಡಿದಂತಾಯಿತು. ನನಗೆ ಒಳ್ಳೆಯದಾದರೆ ನಿನಗೆ ಹೊಟ್ಟೆಕಿಚ್ಚು ಎಂದುಬಿಟ್ಟೆ. ಸಭೆಯ ಸೇಡು ತೀರಿಸಿಕೊಳ್ಳುತ್ತಿದ್ದೀಯ ಎಂದೂ ಅಂದೆ. ಭಾವ ಟೀವಿಯ ಶಬ್ದ ಜೋರು ಮಾಡಿದರು. ಅಕ್ಕತಂಗಿಯರ ಜಗಳದಲ್ಲಿ ಬಾಯಿ ಹಾಕಬಾರದೆನ್ನುವುದು ಅವರು ಮದುವೆಯಾದ ವರ್ಷವೇ ಕಲಿತ ಪಾಠ. ಅಕ್ಕ ಒರೆಸುವ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದಳು. ಜೋಡಿ ಪ್ಲೇಟ್ ಇದೆ, ಬೆಳಿಗ್ಗೆ ನೀನೇ ನೋಡು ಎಂದು ಒಳಗೆ ಹೋದಳು. ಬೇಡವೆಂದಿದ್ದರೂ, ಒಂದಕ್ಕೆಂದು ಕೊಟ್ಟ ಪುಡಿಯಲ್ಲೇ ಉಳಿಸಿ ಎರಡನೆಯದನ್ನು ಮಾಡಿಟ್ಟಿದ್ದಳು.

ನಾಲ್ಕು ವರ್ಷದಲ್ಲಿ ನಾನು ಆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು ಎರಡೋ ಮೂರೋ ಸಲ. ಸಂಖ್ಯೆ ಬರುತ್ತದಲ್ಲ, ನೋಡುವುದೇನು ಎಂಬ ಜಂಬ. ಬುಧವಾರ ಬೆಳಿಗ್ಗೆ ನೋಡಿದೆ. ಸತ್ತಿದ್ದರೆ ಹಿಡಿತ ಬಿಟ್ಟು ತೇಲಬೇಕಿತ್ತು. ಇವು ಸ್ವಲ್ಪ ಬಾಡಿದ್ದರೂ ಗುಳಿಯ ತಳವನ್ನು ಕಚ್ಚಿಕೊಂಡು, ಕೈಕಾಲು ಚಾಚಿ ಹಾಯಾಗಿ ಮಲಗಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ. ಸುಮ್ಮನಿದ್ದರೆ ಪತ್ರ ಹೋಗುತ್ತದೆ, ಬೆಂಚು ಉಳಿಯುತ್ತದೆ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಅಕ್ಕ ಕೈಗವಸು ಕಳಚುತ್ತಿದ್ದಳು. ಹತ್ತಕ್ಕೆ ಐದು ನಿಮಿಷವಿತ್ತು. ಮೆಟ್ಟಿಲು ಹತ್ತಿ ಮುಖ್ಯಸ್ಥರ ಕೋಣೆಗೆ ಹೋದೆ.

"ಒಲೆ ಆರಿಸಿದೀವಿ ಸರ್. ಆದ್ರೆ ಅವು ಸತ್ತಿಲ್ಲ."

ಹೇಗೆ ಗೊತ್ತು ಎಂದರು. ಜೋಡಿ ಪ್ಲೇಟಿನ ವಿಷಯ ಹೇಳಲೇಬೇಕಾಯಿತು. ಅಕ್ಕನ ಮೇಲೆ ರೇಗುತ್ತಾರೆ ಎಂದುಕೊಂಡೆ. ಅವರು ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿ, ಆ ಪ್ಲೇಟನ್ನು ಶುಕ್ರವಾರದವರೆಗೆ ನೋಡಿ, ಬೆಂಚಿನ ಮಾತು ಆಮೇಲೆ ಎಂದರು.

ಗುರುವಾರವೂ ಕಚ್ಚಿಕೊಂಡೇ ಇದ್ದವು. ನಾನು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು, ಬೆಂಚು ಖಾಲಿ ಮಾಡಲು ರಟ್ಟಿನ ಪೆಟ್ಟಿಗೆ ತಂದಿಟ್ಟೆ.

ಶುಕ್ರವಾರ ಬೆಳಿಗ್ಗೆ ಅಕ್ಕ ಓಡಿ ಬಂದಳು. ಓಡುವ ಜಾಯಮಾನದವಳಲ್ಲ ಅವಳು. ಕೆಳಗೆ ಹೋಗಿ ನೋಡಿದರೆ, ಗುಳಿಯ ತುಂಬ ಜೀವಕೋಶಗಳು ಮುದುರಿ, ಮೈಮೇಲೆ ಗುಳ್ಳೆಯೆದ್ದು, ಚೂರುಚೂರಾಗಿ ತೇಲುತ್ತಿದ್ದವು. ಒಲೆ ಕೆಟ್ಟು ದಿನಗಳಾದ ಮೇಲೆ ಕೊನೆಗೂ ಹೊರಟ ಒಳಗಿನ ಆಜ್ಞೆಗೆ ತಲೆಬಾಗಿ ಸತ್ತವುಗಳ ಚಹರೆ ಅದು. ಕುಣಿಯಬೇಕೆನಿಸಿತು. ಅಕ್ಕ ಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತ, ಗುಳಿಗಳಲ್ಲಿದ್ದ ಜೀವಕೋಶಗಳನ್ನು ಪುಟ್ಟ ಕೊಳವೆಗಳಿಗೆ ತುಂಬಿ, ಯಾವುದು ಯಾವುದೆಂದು ತಿಳಿಯದಂತೆ ಹೆಸರಿನ ಮೇಲೆ ಟೇಪ್ ಅಂಟಿಸಿ, ಕಲಸುಮೇಲೋಗರ ಮಾಡಿ, ನೀಲಿ ಬಣ್ಣ ಬೆರೆಸಿದಳು. ಬದುಕಿರುವ ಜೀವಕೋಶ ನೀಲಿಯನ್ನು ಒಳಗೆ ಬಿಡುವುದಿಲ್ಲ, ಸತ್ತದ್ದು ತಡೆಯಲಾರದು. ಈ ಬಣ್ಣ ಒಲೆಯ ಗೊಡವೆಗೇ ಹೋಗುವುದಿಲ್ಲ.

ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳದೆ ಇಬ್ಬರೂ ಎಣಿಸಿದೆವು. ಟೇಪ್ ಕಿತ್ತು ನೋಡಿದರೆ, ನನ್ನ ವಸ್ತು ಬಿದ್ದ ಕ್ಯಾನ್ಸರ್ ಜೀವಕೋಶಗಳಲ್ಲಿ ನೂರಕ್ಕೆ ಎಂಬತ್ತೊಂದು ನೀಲಿ ಎಂದು ನನ್ನ ಎಣಿಕೆ, ಎಂಬತ್ತಮೂರು ಎಂದು ಅವಳದು. ಏನೂ ಹಾಕದವುಗಳಲ್ಲಿ ಆರೇಳು. ನನ್ನ ವಸ್ತು ಬಿದ್ದ ಆರೋಗ್ಯವಂತ ಜೀವಕೋಶಗಳಲ್ಲೂ ಬರೀ ಹನ್ನೊಂದು. ಮುಖ್ಯಸ್ಥರು ತಾವೇ ಬಂದು ಬಹಳ ಹೊತ್ತು ನೋಡಿದರು. ರಟ್ಟಿನ ಪೆಟ್ಟಿಗೆ ತಂದಲ್ಲಿಗೇ ಹೋಗಲಿ ಎಂದರು. ಪ್ಲೇಟಿನಿಂದ ಮನುಷ್ಯನವರೆಗಿನ ದಾರಿ ಎಷ್ಟು ದೂರವೆಂದು ನಮಗೆ ಮೂವರಿಗೂ ಗೊತ್ತು. ಆದರೂ ಅಷ್ಟು ಸಂತೋಷ ನನಗೆ ಆ ತೊಂಬತ್ತೆರಡು ಬಂದ ದಿನವೂ ಆಗಿರಲಿಲ್ಲ.

ಅವರು ಹೋದ ಮೇಲೆ, ಬೇಡ ಎಂದಿದ್ದರೂ ಯಾಕೆ ಇಟ್ಟಿದ್ದೆ ಎಂದು ಅಕ್ಕನನ್ನು ಕೇಳಿದೆ.

"ಮೂವತ್ತಾರು ಸಲ ಸೋತೆ ಅಂತ ನಿಂಗೆ ಹೇಳಿದ್ದು ನಾನೇ. ಗೆದ್ದೆ ಅಂತ ಹೇಳೋ ದಿನ ಬಂದ್ರೆ, ಅದು ಸುಳ್ಳಾಗಬಾರದು ಅಂತ."

ತಪ್ಪಾಯಿತು ಎಂದೆ. ಅವಳು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲನ್ನು ನನ್ನ ಕಡೆ ತಳ್ಳಿ, ಸೋಮವಾರದಿಂದ ಜೋಡಿ ಪ್ಲೇಟ್ ನೋಡುವ ಕೆಲಸ ನಿನ್ನದು ಎಂದಳು.