ರುಚಿ ನೋಡದ ದಿನ

ಸಂಶಿಯ ಬಸ್ ನಿಲ್ದಾಣದ ಎದುರಿಗಿರುವ ಖಾನಾವಳಿಗೆ ಬೋರ್ಡಿನ ಮೇಲೆ ದೇವರ ಹೆಸರಿದೆ. ಜನ ಮಾತ್ರ ಅದನ್ನು ನೀಲಕ್ಕನ ಖಾನಾವಳಿ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ನೀಲಕ್ಕ ಅಲ್ಲಿಯ ಅಡುಗೆಮನೆಯ ಮೂಲೆಯಲ್ಲಿ, ನೆಲದ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದಳು. ಕಳೆದ ದೀಪಾವಳಿಗೆ ಅವಳ ಮೊಣಕಾಲು ಮುನಿಸಿಕೊಂಡಿತು. ಕೂರಿಸಲು ಒಬ್ಬರು, ಎಬ್ಬಿಸಲು ಇಬ್ಬರು ಬೇಕಾದರು. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿಗೆ ಏನೂ ಆಗಿಲ್ಲ, ಅದರ ಮೇಲೆ ಹೇರಿದ್ದೇ ಜಾಸ್ತಿಯಾಗಿದೆ, ಹತ್ತು ಕಿಲೋ ಇಳಿಯುವವರೆಗೆ ನೆಲಕ್ಕೆ ಕೂರಬಾರದು ಎಂದರು.

ಹಣ ಎಣಿಸುತ್ತಾ ಗಲ್ಲೆಯ ಮೇಲೆ ಕೂರುವ ಗಂಡ ಶಂಕ್ರಪ್ಪ ಮಾರನೆಯ ವಾರವೇ ಕಟ್ಟೆ ಕಟ್ಟಿಸಿ ಗ್ಯಾಸ್ ಒಲೆ ಇಡಿಸಿದ. ನೀಲಕ್ಕ ನಿಂತು ಪಲ್ಯ, ಸಾರು ಮಾಡತೊಡಗಿದಳು. ರೊಟ್ಟಿ ಮಾತ್ರ ನಿಂತು ಬಡಿಯಲು ಬರಲಿಲ್ಲ. ಎರಡು ದಿನ ನೋಡಿದಳು, ಹಿಟ್ಟು ಹಲಗೆಯ ಮೇಲೆ ತಿರುಗದೆ ಅಲ್ಲೇ ಕೂತುಬಿಟ್ಟಿತು. ಹಾಗಾಗಿ ಅವಳ ಮೂಲೆಗೆ ಮೈದುನನ ಹೆಂಡತಿ ಶೈಲಾ ಬಂದಳು. ಶೈಲಾ ಒಳ್ಳೆಯವಳು, ಆದರೆ ಚಪಾತಿ ಲಟ್ಟಿಸಿ ಬೆಳೆದವಳು. ಅವಳ ರೊಟ್ಟಿ ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಉಣ್ಣಲು ಬಂದವರು ನಡುವಿನದನ್ನು ತಿಂದು ಅಂಚನ್ನು ತಾಟಿನಲ್ಲಿ ಬಿಡುತ್ತಿದ್ದರು. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ನೀಲಕ್ಕನಿಗೆ ಜಗಳವಾದರೂ ಆಡಲು ಬರುತ್ತಿತ್ತು. ದಿನಾ ಆ ಅಂಚುಗಳನ್ನು ನೋಡುವಾಗ, ತನ್ನ ಮೂಲೆ ತನಗೆ ಸಿಕ್ಕರೆ ಸಾಕು, ಬೇರೆ ಏನೂ ಬೇಡ ಅನ್ನಿಸುತ್ತಿತ್ತು.

ದಾರಿ ತೋರಿಸಿದವಳು ಫರಹತ್. ಬಾಜು ಮನೆಯ ರಹೀಮಾಬಿಯ ಮಗಳು. ಕುಂದಗೋಳದ ಆಸ್ಪತ್ರೆಯಲ್ಲಿ ನರ್ಸ್. ಒಂದು ದಿನ ಹೊಟ್ಟೆ ತುಂಬ ಉಣ್ಣುವುದು, ಮರುದಿನ ಮಜ್ಜಿಗೆ, ತಿಳಿಸಾರು, ಒಂದು ಸೌತೆಕಾಯಿ, ಅಷ್ಟೇ. ದಿನ ಬಿಟ್ಟು ದಿನ. ಮೊದಲು ನೀಲಕ್ಕನ ಸಕ್ಕರೆ, ಬಿ.ಪಿ. ತಪಾಸಣೆ ಮಾಡಿಸಿ, ಡಾಕ್ಟರನ್ನೂ ಕೇಳಿಕೊಂಡು ಬಂದಳು. ನೀಲಕ್ಕನಿಗೆ ನಗು ಬಂತು. ಮೂವತ್ತು ವರ್ಷದಿಂದ ಪ್ರತಿ ಸೋಮವಾರ ಉಪವಾಸ ಮಾಡಿಯೇ ತಾನು ಇಷ್ಟು ದಪ್ಪಗಾದದ್ದು ಎಂದಳು. ಸೋಮವಾರ ಏನೇನು ತಿನ್ನುತ್ತೀರಿ ಎಂದು ಫರಹತ್ ಕೇಳಿದಳು. ಸಾಬೂದಾಣಿ ಖಿಚಡಿ, ಎರಡು ಶೇಂಗಾ ಉಂಡಿ, ನಾಲ್ಕು ಬಾಳೆಹಣ್ಣು, ರಾತ್ರಿ ಒಂದಿಷ್ಟು ಅವಲಕ್ಕಿ, ಮೇಲೆ ಒಂದು ಲೋಟ ಹಾಲು.

“ಮೌಶಿ, ಅದು ಉಪಾಸ ಅಲ್ರಿ. ಊಟ ವೇಷಾ ಹಾಕ್ಕೊಂಡು ಬಂದಿರತೈತಿ ಅಷ್ಟ,” ಎಂದಳು ಫರಹತ್.

ತೂಕಕ್ಕೆ ರಹೀಮಾಬಿಯ ಗಂಡ ಯಾಕೂಬಸಾಬನ ಮೆಣಸಿನಕಾಯಿ ಅಂಗಡಿಯ ಕಾಟಾವೇ ಆಯಿತು. ಮೂಟೆ ತೂಗುವ ಆ ಕಾಟಾದ ಮೇಲೆ ನೀಲಕ್ಕ ಸೆರಗು ಸುತ್ತಿಕೊಂಡು ಸೀನುತ್ತಾ ನಿಂತಳು. ಯಾಕೂಬಸಾಬ ಕನ್ನಡಕ ಏರಿಸಿ ನೋಡಿ, ಎಂಬತ್ತೈದು ಎಂದ. ಕಾಟಾದ ಮುಳ್ಳು ಎಂಬತ್ತಾರರ ಮೇಲಿತ್ತು. ನೀಲಕ್ಕ ಅದನ್ನು ತೋರಿಸಿದಾಗ ಅವನು ತನ್ನ ಗಲ್ಲ ಮುಟ್ಟಿಕೊಂಡ.

“ತಪ್ಪಾತ್ರಿ ಅಕ್ಕಾರ. ಕೈ ರೂಢಿ. ಚೀಲದ ತೂಕಾ ಅಂತ ಒಂದು ಕಿಲೋ ತಗದೆ.”

ಶುರುವಾದದ್ದು ಒಂದು ಸೋಮವಾರ. ಶಿವನ ಲೆಕ್ಕಕ್ಕೂ ಬಂತು, ಫರಹತ್‌ಳ ಲೆಕ್ಕಕ್ಕೂ ಬಂತು. ನೀಲಕ್ಕ ಅಂದುಕೊಂಡಷ್ಟು ಹಸಿವು ಕಾಡಲಿಲ್ಲ. ಹನ್ನೊಂದು ಗಂಟೆಗೆ ಬೇರೊಂದು ತೊಂದರೆ ಎದುರಾಯಿತು. ಬೇಳೆ ಪಲ್ಯ ಕುದಿಯುತ್ತಿತ್ತು, ಅಭ್ಯಾಸದ ಮೇಲೆ ಸೌಟು ಎತ್ತಿ ಅಂಗೈಗೆ ಎರಡು ಹನಿ ಬಿಟ್ಟುಕೊಂಡಳು. ನಾಲಿಗೆಗೆ ತಾಗಿಸಬೇಕು, ಆಗ ನೆನಪಾಯಿತು. ಮೊದಲ ದಿನವೇ ನೇಮ ಮುರಿಯಬಾರದೆಂದು ಕೈ ತೊಳೆದುಕೊಂಡಳು. ಇಪ್ಪತ್ತೆರಡು ವರ್ಷ ಅವಳು ರುಚಿ ನೋಡುತ್ತಲೇ ಅಡುಗೆ ಮಾಡಿದವಳು. ಪಲ್ಯದ್ದು ಒಂದು ತುತ್ತು, ಸಾರಿನದು ಒಂದು ಗುಟುಕು, ಚಟ್ನಿಯದು ಒಂದು ಬೆರಳು, ಬದನೆಕಾಯಿ ಬೆಂದಿದೆಯೋ ಇಲ್ಲವೋ ಎಂದು ಒಂದು ಪೂರ್ತಿ ಬದನೆಕಾಯಿ. ಈಗ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹಾಕಿದಳು.

ಮಧ್ಯಾಹ್ನ ಬಸ್ ಡ್ರೈವರ್ ಫಕೀರೇಶ ಮೊದಲ ತುತ್ತು ಬಾಯಿಗಿಟ್ಟು, ಒಂದು ತಂಬಿಗೆ ನೀರು ಕುಡಿದು, ಮೊಸರು ಕೇಳಿದ. ಅವನ ಹಿಂದೆ ಎಲ್ಲರೂ ಮೊಸರು ಕೇಳಿದರು. ಎರಡು ಗಂಟೆಗೆ ಖಾನಾವಳಿಯಲ್ಲಿ ಮೊಸರು ಖಾಲಿ. ಶಂಕ್ರಪ್ಪ ಗಲ್ಲೆ ಬಿಟ್ಟು ಒಳಗೆ ಬಂದು, ಪಲ್ಯದ ಪಾತ್ರೆಯಲ್ಲಿ ಬೆರಳು ಅದ್ದಿ ನೋಡಿ, ಹೋಗಿ ಅಂಗಳದಲ್ಲಿ ನಿಂತ.

ಸಂಜೆ ನೀಲಕ್ಕ ರಹೀಮಾಬಿಯ ಮನೆಯ ಕಟ್ಟೆಗೆ ಹೋಗಿ ಕೂತಳು. ರಂಜಾನಿನಲ್ಲಿ ತಿಂಗಳಿಡೀ ರೋಜಾ ಇದ್ದು, ಹಗಲೆಲ್ಲ ನೀರೂ ಬಾಯಿಗೆ ಬಿಡದೆ, ಸಂಜೆಗೆ ಹದಿನೈದು ಮಂದಿಗೆ ಅಡುಗೆ ಮಾಡುವವಳು ರಹೀಮಾಬಿ. ಅವಳ ಅಡುಗೆಗೆ ಒಂದು ದಿನವೂ ಉಪ್ಪು ಹೆಚ್ಚುಕಡಿಮೆಯಾದದ್ದು ನೀಲಕ್ಕನಿಗೆ ನೆನಪಿಲ್ಲ. ಹೇಗೆ ಎಂದು ಕೇಳಿದಳು. ರಹೀಮಾಬಿಗೆ ಅದೊಂದು ಪ್ರಶ್ನೆ ಅಂತಲೂ ಅನ್ನಿಸಲಿಲ್ಲ.

“ಉಪ್ಪು ಒಮ್ಮೆ ಹಾಕೂದು, ಡಬ್ಬಿ ಗ್ವಾಡಿ ಮಾಡದಾಗ ಇಟ್ಟು ಬಿಡೂದು. ಮತ್ತ ಮುಟ್ಟಾಕ ಹೋಗಬ್ಯಾಡ ಬೇ. ಆಮ್ಯಾಲ ಮುಚ್ಚಳಾ ತಗದು ವಾಸನಿ ನೋಡು. ಹಸದಿರ್ತಿ, ಮೂಗು ಎಲ್ಲಾ ಹೇಳತೈತಿ.”

ಬುಧವಾರ ನೀಲಕ್ಕ ಹಾಗೇ ಮಾಡಿದಳು. ಮುಚ್ಚಳ ತೆಗೆದು ಬಗ್ಗಿದಾಗ ಅವಳಿಗೇ ಆಶ್ಚರ್ಯವಾಯಿತು. ಬೆಳ್ಳುಳ್ಳಿ ಇನ್ನೂ ಹಸಿ ಇದೆ, ಇನ್ನೊಂದು ಕುದಿ ಬೇಕು ಎಂಬುದು ಮೂಗಿಗೆ ಸ್ಪಷ್ಟವಾಗಿ ತಿಳಿಯಿತು. ಚಟ್ನಿಗೆ ಗುರೆಳ್ಳು ಹುರಿಯುವಾಗ ಯಾವ ಗಳಿಗೆಗೆ ಇಳಿಸಬೇಕು ಎಂಬುದೂ ತಿಳಿಯಿತು. ಸಾರಿಗೆ ಅವಳು ಯಾವಾಗಲೂ ಹಾಕುತ್ತಿದ್ದ ಬೆಲ್ಲದಲ್ಲಿ ಅರ್ಧ ಬೇಕಾಗಿಯೇ ಇರಲಿಲ್ಲ. ತುಂಬಿದ ಹೊಟ್ಟೆಯಲ್ಲಿ ರುಚಿ ನೋಡಿ ನೋಡಿ ಅದು ಏರುತ್ತಾ ಬಂದಿತ್ತು, ಅಷ್ಟೇ.

ಅಂದು ಫಕೀರೇಶ ಎರಡು ಸಲ ಪಲ್ಯ ಹಾಕಿಸಿಕೊಂಡ. ಶುಕ್ರವಾರವೂ ಹಾಕಿಸಿಕೊಂಡ. ಶನಿವಾರ ಒಂದೇ ಸಲ. ಮೂರನೆಯ ವಾರಕ್ಕೆ ಅವನಿಗೆ ಗುಟ್ಟು ತಿಳಿದುಹೋಯಿತು. ಅವನಿಗೆ ತಿಳಿದ ಮೇಲೆ ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಯವರೆಗಿನ ದಾರಿಗೆಲ್ಲ ತಿಳಿಯಿತು. ಜನ ಒಳಗೆ ಬರುವ ಮೊದಲು ಬಾಗಿಲಲ್ಲೇ ನಿಂತು, ಇವತ್ತು ಅಕ್ಕಾರದು ಉಪಾಸ ಹೌದೋ ಅಲ್ಲೋ ಎಂದು ಶಂಕ್ರಪ್ಪನನ್ನು ಕೇಳತೊಡಗಿದರು. ಅವಳು ಉಂಡ ದಿನ ಬೆಂಚು ಖಾಲಿ, ಉಣ್ಣದ ದಿನ ನಿಲ್ಲಲು ಜಾಗವಿಲ್ಲ. ಶಂಕ್ರಪ್ಪ ಒಂದು ಸಂಜೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಬಹಳ ಮೆತ್ತಗೆ, ದಿನಾ ಉಪವಾಸ ಮಾಡಿದರೆ ಮೊಣಕಾಲಿಗೆ ಇನ್ನೂ ಲಗೂನ ಆರಾಮಾಗಬಹುದಲ್ಲವೇ ಎಂದು ಕೇಳಿದ.

“ಹೌದ್ರಿ. ನೀವೂ ನನ್ನ ಜೋಡಿ ಮಾಡ್ರಿ,” ಎಂದಳು ನೀಲಕ್ಕ.

ಆ ಮಾತು ಮತ್ತೆ ಬರಲಿಲ್ಲ. ಉಂಡ ದಿನವೂ ರುಚಿ ನೋಡದೆ ಮಾಡುವುದನ್ನು ಅವಳು ರೂಢಿ ಮಾಡಿಕೊಂಡಳು. ಅಡುಗೆ ಮುಗಿಸಿಯೇ ಊಟಕ್ಕೆ ಕೂತಳು. ಬೆಂಚುಗಳು ಎರಡೂ ದಿನ ತುಂಬತೊಡಗಿದವು. ಆದರೆ ಎಲ್ಲರೂ ಹೊಗಳಿದ್ದು ಪಲ್ಯವನ್ನು. ರೊಟ್ಟಿಯ ಅಂಚು ತಾಟಿನಲ್ಲೇ ಉಳಿಯುತ್ತಿತ್ತು.

ಐದನೆಯ ತಿಂಗಳಿಗೆ ಎಂಟು ಕಿಲೋ ಇಳಿದಿತ್ತು. ಇನ್ನು ಎರಡು. ಯಾಕೂಬಸಾಬ ಈಗ ಮುಳ್ಳನ್ನು ಎರಡು ಸಲ ನೋಡಿಯೇ ಹೇಳುತ್ತಿದ್ದ.

ಆ ದಿನ ಸಂತೆಯೂ ಇತ್ತು, ನೀಲಕ್ಕನ ಉಪವಾಸವೂ ಇತ್ತು. ಶೈಲಾ ಹಿಂದಿನ ದಿನ ಮಿಶ್ರಿಕೋಟಿಗೆ, ತಂಗಿಯ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋದವಳು, ಮುಂಜಾನೆಯ ಬಸ್ಸಿಗೆ ಬರುತ್ತೇನೆ ಎಂದಿದ್ದಳು. ಹನ್ನೆರಡಕ್ಕೆ ಅವಳ ಫೋನ್ ಬಂತು. ಬಸ್ಸು ತಪ್ಪಿದೆ, ಸಂಜೆಯೇ ಬರುವುದು. ಹೊರಗೆ ಆಗಲೇ ಹತ್ತು ಮಂದಿ ಕೂತಿದ್ದರು. ಶಂಕ್ರಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, ಇವತ್ತು ಅನ್ನ ಸಾರು ಅಷ್ಟೇ ಎಂದು ಹೇಳಿಬಿಡುತ್ತೇನೆ ಎಂದ. ಹೇಳಿಯೂ ಬಂದ. ಫಕೀರೇಶನ ದನಿ ಒಳಗೆ ಕೇಳಿಸಿತು.

“ನಡೀತೈತಿ ಬಿಡ್ರಿ. ರೊಟ್ಟಿದೇನ ಅಷ್ಟ ದೊಡ್ಡ ಮಾತು.”

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ನೀಲಕ್ಕ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ಬಗ್ಗಿ ನೆಲದ ಒಲೆ ಹೊತ್ತಿಸಿದಳು, ಹಂಚು ಇಟ್ಟಳು, ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದಳು. ಆಮೇಲೆ ಎಡಗೈಯನ್ನು ಗೋಡೆಗೆ ಕೊಟ್ಟು, ಉಸಿರು ಬಿಗಿಹಿಡಿದು, ನೆಲದ ಕಡೆಗೆ ಇಳಿದಳು. ಅರ್ಧದಲ್ಲಿ ಮೊಣಕಾಲು ಲಟ್ಟೆಂದಿತು. ಅವಳು ಅಲ್ಲೇ ನಿಂತಳು. ನೋವು ಬರಲಿ ಎಂದು ಕಾದಳು. ಬರಲಿಲ್ಲ. ಉಳಿದ ಅರ್ಧವನ್ನೂ ಇಳಿದಳು.

ಮೊದಲ ರೊಟ್ಟಿ ಸೀಳಿತು. ಎರಡನೆಯದರ ಅಂಚು ದಪ್ಪಗಾಯಿತು, ಶೈಲಾಳದ್ದಕ್ಕಿಂತ ದಪ್ಪ. ನೀಲಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ದಿನ ಮನಸ್ಸಿನಲ್ಲೇ ಬೈದದ್ದಕ್ಕೆ ಶೈಲಾಳಿಗೆ ಒಂದು ಸೀರೆ ಕೊಡಿಸಬೇಕು ಎಂದುಕೊಂಡಳು. ಮೂರನೆಯದು ಅಂಗೈ ಕೆಳಗೆ ತಾನಾಗಿ ತಿರುಗಿತು. ನಾಲ್ಕನೆಯದು ಹಂಚಿನ ಮೇಲೆ ಉಬ್ಬಿತು.

ಹೊರಗೆ ರೊಟ್ಟಿ ಬಡಿಯುವ ಸಪ್ಪಳ ಎಲ್ಲರಿಗೂ ಕೇಳಿಸಿತ್ತು.

“ಯಕ್ಕಾ,” ಎಂದ ಫಕೀರೇಶ, “ನನಗ ಅನ್ನಾ ಬ್ಯಾಡ.”

ಶಂಕ್ರಪ್ಪ ಬಾಗಿಲು ಸರಿಸಿ ನೋಡಿದ. ಬೈಯಲು ಬಾಯಿ ತೆರೆದವನು, ಅವಳು ಚಾಚಿದ ಬುಟ್ಟಿ ಇಸಿದುಕೊಂಡು ಹೋದ. ಆಮೇಲೆ ಅವನಿಗೆ ಬೈಯಲು ಪುರಸೊತ್ತೇ ಸಿಗಲಿಲ್ಲ. ಸಂತೆಯವರು ಬಂದರು, ಎರಡು ಬಸ್ಸಿನವರು ಬಂದರು, ಯಾಕೂಬಸಾಬ ಕೂಡ ಅಂಗಡಿ ಬಿಟ್ಟು ಬಂದು ಎರಡು ರೊಟ್ಟಿ ಕಟ್ಟಿಸಿಕೊಂಡು ಹೋದ. ನಡುವೆ ಹಿಟ್ಟು ಮುಗಿಯಿತು. ನೀಲಕ್ಕ ಎದ್ದು, ಗೋಡೆಯ ಮಾಡದಿಂದ ಹಿಟ್ಟಿನ ಡಬ್ಬಿ ಇಳಿಸಿ, ಮತ್ತೆ ಕೂತು ಹಿಟ್ಟು ನಾದತೊಡಗಿದಳು. ತಾನು ಎದ್ದಿದ್ದೆ ಎಂಬುದು ಅವಳಿಗೆ ಹೊಳೆದದ್ದು ಮುಂದಿನ ರೊಟ್ಟಿ ಹಂಚಿಗೆ ಬಿದ್ದ ಮೇಲೆ.

ಮೂರು ಗಂಟೆಗೆ ಬೆಂಚುಗಳು ಖಾಲಿಯಾದವು. ಶಂಕ್ರಪ್ಪ ಒಳಗೆ ಬಂದು, ಕೊನೆಯ ರೊಟ್ಟಿಗೆ ಬೆಣ್ಣೆ ಹಚ್ಚಿ, ಇವತ್ತೊಂದು ದಿನ ಉಣ್ಣು ಎಂದು ಅವಳ ಮುಂದೆ ಹಿಡಿದ. ಬಿಸಿ ಜೋಳದ ವಾಸನೆ ಅಡುಗೆಮನೆಯ ತುಂಬ ಇತ್ತು. ನೀಲಕ್ಕ ಅದನ್ನು ಎರಡು ಸಲ ಮೂಸಿ, ಅವನ ಕೈಗೇ ವಾಪಸು ಕೊಟ್ಟಳು.

“ಇನ್ನೂ ಎರಡು ಕಿಲೋ ಅದಾವ್ರಿ. ನಾಳೆ ನಾಕು ತಿಂತೀನಿ.”

ಅವನು ರೊಟ್ಟಿಯನ್ನು ಪಕ್ಕಕ್ಕಿಟ್ಟು, ಅವಳನ್ನು ಎಬ್ಬಿಸಲು ಎರಡೂ ಕೈ ಚಾಚಿದ. ಯಾರನ್ನಾದರೂ ಕರೆಯಲೇ ಎಂದು ಕೇಳಿದ. ನೀಲಕ್ಕ ಅವನ ಕೈ ಹಿಡಿಯಲಿಲ್ಲ. ಗೋಡೆಗೆ ಅಂಗೈ ಕೊಟ್ಟು, ನಿಧಾನವಾಗಿ, ಒಬ್ಬಳೇ ಎದ್ದು ನಿಂತಳು. ಅವನು ಚಾಚಿದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡು ನೋಡಿದ.

ನೀಲಕ್ಕ ಸೆರಗಿನಿಂದ ಹಿಟ್ಟು ಕೊಡವಿಕೊಂಡಳು. ಪಾತ್ರೆಗಳು ತೊಳೆಯಲು ಹೋಗಿದ್ದವು, ಹಿಟ್ಟು ಮುಗಿದಿತ್ತು, ಒಲೆ ಆರುತ್ತಿತ್ತು. ಕೆಲಸವೇನೂ ಉಳಿದಿರಲಿಲ್ಲ. ಅವಳು ಮತ್ತೆ ಗೋಡೆ ಹಿಡಿದು, ತನ್ನ ಮೂಲೆಯಲ್ಲಿ, ನೆಲಕ್ಕೆ ಕೂತಳು.