ಗೋಡೆ ಮೇಲಿನ ಮುಟ್ಟು

“ಏ ಬಸುರಿ, ಆ ಗಂಟು ಎತ್ತಬೇಡ ಕಣೇ, ಕೂಸು ಜಾರೀತು!”

ಮೇಸ್ತ್ರಿ ಇಷ್ಟು ಹೇಳಿ ತಾನೇ ಮೊದಲು ನಕ್ಕ. ಹೆರಿಗೆ ವಾರ್ಡಿನ ಹಾಸುಗಳ ಗಂಟು, ಇಪ್ಪತ್ತು ಕೆಜಿ. ನಾನು ಎತ್ತಿದೆ. ನನ್ನ ಗಂಡ ಸತ್ತು ಎರಡು ವರ್ಷ. ಅದು ಅವನಿಗೂ ಗೊತ್ತು, ಅದಕ್ಕೇ ಆ ನಗು.

ನಾವು ಇಪ್ಪತ್ತಾರು ಹೆಂಗಸರು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತೇವೆ. ತಲೆಯ ಮೇಲೆ ಆರು ಮಹಡಿ ತುಂಬ ಡಾಕ್ಟರುಗಳು. ನಮಗೆ ಪರಿಚಯವಿರುವುದು ಅವರ ಕೋಟುಗಳು ಮಾತ್ರ. ಕೆಳಗೆ ಎರಡು ಕಡೆ. ಕೊಳಕು ಕಡೆಯಲ್ಲಿ ಮೇಲಿಂದ ಬಿದ್ದ ರಕ್ತ, ಹೇಲು, ವಾಂತಿಯ ಬಟ್ಟೆಗಳನ್ನು ಬೇರೆ ಮಾಡಬೇಕು. ಬಿಳಿ ಕಡೆಯಲ್ಲಿ ಒಗೆದದ್ದಕ್ಕೆ ಇಸ್ತ್ರಿ ಹೊಡೆದು ಮಡಿಸಬೇಕು. ಮುಟ್ಟಾದವಳು ನಾಲ್ಕು ದಿನ ಬಿಳಿ ಬಟ್ಟೆ ಮುಟ್ಟಕೂಡದು, ಕೊಳಕು ಕಡೆಯಲ್ಲೇ ಇರಬೇಕು, ಇದು ಮೇಸ್ತ್ರಿಯ ಕಾನೂನು. ಯಾರದ್ದು ಯಾವಾಗ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ನಂಬರು ಬರೆದು ಕೆಂಪು ಸುತ್ತು ಹಾಕುತ್ತಾನೆ. ಹೀಗಾಗಿ ಅವನ ಹೆಸರು ಪಂಚಾಂಗ.

ಪಂಚಾಂಗಕ್ಕೆ ತಿಳಿಯದ್ದು ಒಂದಿತ್ತು. ಇಡೀ ನೆಲಮಾಳಿಗೆಗೆ ಇರುವ ಒಂದೇ ಕಿಟಕಿ ಕೊಳಕು ಕಡೆಯಲ್ಲಿದೆ. ಇಸ್ತ್ರಿಯ ಬಿಸಿಗೆ ಜೀವ ಬಾಯಿಗೆ ಬಂದವಳು “ಸಾರ್, ನಂದಾಯ್ತು” ಅನ್ನುತ್ತಾಳೆ, ಹೋಗಿ ಗಾಳಿ ಕುಡಿಯುತ್ತಾಳೆ. ಕೆಲವರಿಗೆ ತಿಂಗಳಿಗೆ ಎರಡು ಸಲ ಆಗುತ್ತದೆ. ಅವನು ಶ್ರದ್ಧೆಯಿಂದ ಸುತ್ತು ಹಾಕುತ್ತಾನೆ.

ನಾನೊಬ್ಬಳು ಮೂರ್ಖಿ. ಮುಟ್ಟು ನಿಜಕ್ಕೂ ನಿಂತಾಗ ಸುಳ್ಳು ಹೇಳುವುದನ್ನೇ ಮರೆತೆ. ನನ್ನ ನಂಬರಿಗೆ ಮೂರು ತಿಂಗಳಿಂದ ಸುತ್ತಿಲ್ಲ.

“ಅರ್ಧ ದಿನ ಬಿಡಿ ಸಾರ್, ಡಾಕ್ಟರಿಗೆ ತೋರಿಸ್ಬೇಕು.”

“ಕಾರಣ ಬರ್ಕೊಡು. ‘ಬಸುರಿ’ ಅಂತ ಬರಿ, ಈಗ್ಲೇ ಬಿಡ್ತೀನಿ.”

ಹಾಗೆ ಬರೆದುಕೊಟ್ಟವರ ಹಾಜರಿ ಕಾರ್ಡು ಮರುದಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ.

“ಬಸುರಿ ಅಲ್ಲ ಸಾರ್.”

“ಮತ್ತೆ? ಸತ್ತೋನು ಬಂದು ಹೋಗ್ತಾನಾ? ಅವನನ್ನೂ ಕೆಲಸಕ್ಕೆ ಕಳ್ಸು, ಗಂಟು ಹೊರ್ಲಿ.”

ಊಟದ ಹೊತ್ತಿಗೆ ಒಗೆದ ನಾಲ್ಕು ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಕೋಟು ಹೊತ್ತವಳನ್ನು ಯಾರೂ ತಡೆಯುವುದಿಲ್ಲ, ಯಾರೂ ನೋಡುವುದೂ ಇಲ್ಲ. ಮೂರನೇ ಮಹಡಿಯಲ್ಲಿ ಹೆಂಗಸರ ಡಾಕ್ಟರಮ್ಮ ತಲೆ ಎತ್ತದೆ, “ಅಲ್ಲಿ ನೇತುಹಾಕಿ ಹೋಗು” ಅಂದರು.

“ಕೋಟಿಗಲ್ಲ ಮೇಡಂ, ನನಗೆ ಬಂದೆ. ಮೂರು ತಿಂಗಳಾಯ್ತು, ಮುಟ್ಟಿಲ್ಲ.”

ಆಗ ತಲೆ ಎತ್ತಿದರು. ಮೊದಲು ಮೂತ್ರದ ಪರೀಕ್ಷೆ ಮಾಡಿಸಿದರು.

“ಗರ್ಭ ಇಲ್ಲ.”

“ಗೊತ್ತು ಮೇಡಂ.”

“ಗೊತ್ತಿದ್ರೂ ನೋಡ್ಬೇಕು. ತೂಕ ಇಳ್ದಿದೆಯಾ?”

“ಎಂಟು ಕೆಜಿ.”

“ಡಯಟ್ಟಾ?”

“ಇಲ್ಲ ಮೇಡಂ, ಒಂದೇ ಹೊತ್ತು ಊಟ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಹೊಟ್ಟೆಗಿಲ್ದೆ ಇದ್ರೂ ನಿಲ್ಲತ್ತೆ, ಚಿಂತೆಗೂ ನಿಲ್ಲತ್ತೆ, ಥೈರಾಯ್ಡ್ ಕೆಟ್ರೂ ನಿಲ್ಲತ್ತೆ. ರಕ್ತ ಕೊಟ್ಟು ಹೋಗು, ನಾಡಿದ್ದು ಬಾ. ಇಷ್ಟು ದಿನ ಕಾಯ್ತಾರೇನಮ್ಮಾ? ನಾಲ್ಕು ದಿನ ಹಿಂದೆ ಮುಂದೆ ಆದ್ರೆ ಹೆದರ್ಬೇಕಿಲ್ಲ. ಗಂಡಸಿನ ಸಂಗ ಇದ್ದು ವಾರ ದಾಟಿದ್ರೆ ಪರೀಕ್ಷೆ ಮಾಡಿಸ್ಕೋಬೇಕು. ಮೂರು ತಿಂಗಳು ನಿಂತ್ರೆ, ಸಂಗ ಇರ್ಲಿ ಬಿಡ್ಲಿ, ಬರ್ಲೇಬೇಕು. ತಪ್ಪಿದ ಮೇಲೆ ಹೊಟ್ಟೆಯ ಒಂದು ಕಡೆ ಜೋರು ನೋವು, ತಲೆಸುತ್ತು, ಇಲ್ಲಾ ರಕ್ತ ಸುರಿಯೋದು ಅಂದ್ರೆ ಆ ಗಳಿಗೆಯಲ್ಲೇ ಬರ್ಬೇಕು.”

ಗರ್ಭ ಇಲ್ಲವೆಂದು ಚೀಟಿ ಬರೆದುಕೊಟ್ಟರು. ಹೊರಡುವಾಗ ಕೇಳಿದರು, “ನನ್ನ ಕೋಟಿನ ಟೀ ಕಲೆ ಯಾಕೆ ಹೋಗಲ್ಲ?”

ಕೆಳಗಿಳಿದರೆ ದೊಡ್ಡಕ್ಕ ಇಸ್ತ್ರಿ ಯಂತ್ರದ ಮುಂದಿನಿಂದಲೇ ಕೂಗಿದಳು, “ಏನಂದ್ರೇ?” ದೊಡ್ಡಕ್ಕ ನಮ್ಮೆಲ್ಲರಿಗಿಂತ ಹಿರಿಯಳು, ಕಿವಿ ಮಂದ. ಡಾಕ್ಟರಮ್ಮ ಅಂದದ್ದನ್ನೆಲ್ಲ ಕಿರುಚಿ ಹೇಳಿದೆ. ಇಪ್ಪತ್ತೈದು ಜೊತೆ ಕಿವಿ ಕೇಳಿದವು. ಪಂಚಾಂಗನದ್ದೂ.

“ತೋರ್ಸು ಚೀಟಿ,” ಅಂದ. “ಬಸುರಿ ಅಲ್ಲ ಅಂತಿದ್ರೆ ನಿನ್ನ ಕೆಲಸ ಉಳೀತು. ಇನ್ಮೇಲೆ ತಪ್ಪಿದೋಳೆಲ್ಲ ಇಂಥದ್ದೊಂದು ತಂದು ಗೋಡೆಗೆ ಅಂಟಿಸ್ಬೇಕು.”

ಚೀಟಿ ಕುಪ್ಪಸದಲ್ಲಿತ್ತು. ಕೈ ಅಲ್ಲಿಯವರೆಗೆ ಹೋಯಿತು ಕೂಡ.

“ತೋರ್ಸಲ್ಲ ಸಾರ್.”

“ಏನಂದೆ?”

“ನನ್ನ ಹೊಟ್ಟೆ ವಿಷ್ಯ. ನಿಮಗ್ಯಾಕೆ?”

“ಹಾಗಾದ್ರೆ ಮನೆಗೆ ನಡಿ, ರಂಡೆ.”

ಆಗಲೇ ಬಿಳಿ ಕಡೆಯಲ್ಲಿ ದೊಪ್ಪೆಂದು ಸದ್ದಾಯಿತು. ಮದುವೆಯಾಗಿ ವರ್ಷವಾದರೂ ನಾವು ಮದುಮಗಳೆಂದೇ ಕರೆಯುವ ಹುಡುಗಿ ನೆಲಕ್ಕೆ ಕುಸಿದಿದ್ದಳು. ಮುಖ ಒಗೆದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು.

“ಅಕ್ಕಾ, ನಂದು ಮೂರು ವಾರ ದಾಟಿದೆ. ಕೆಲಸ ಹೋಗತ್ತೆ ಅಂತ ಸುಳ್ಳು ಹೇಳಿ ಆ ಕಡೆ ಹೋಗಿದ್ದೆ. ಬೆಳಗ್ಗಿಂದ ಹೊಟ್ಟೆ ಈ ಒಂದು ಕಡೆ ಕಿತ್ತು ಬರ್ತಿದೆ. ಕಣ್ಣು ಕಾಣ್ತಿಲ್ಲ.”

ಪಂಚಾಂಗ ಗೋಡೆ ನೋಡಿದ. “ನಾಟಕ! ಎಂಟನೇ ತಾರೀಕು ಆಗಿದೆ ಇವಳಿಗೆ. ಸುತ್ತು ಹಾಕಿದ್ದೀನಿ ನೋಡಿ!”

“ಲೋ ಕತ್ತೆ,” ಅಂದಳು ದೊಡ್ಡಕ್ಕ. “ಹೋದ ವಾರ ನನಗೂ ಸುತ್ತು ಹಾಕಿದ್ದೀಯ. ನಂದು ನಿಂತು ಹನ್ನೊಂದು ವರ್ಷ ಆಯ್ತು ಕಣೋ!”

ಯಾರೋ ನಕ್ಕರು, ಯಾರೋ ಯಂತ್ರ ನಿಲ್ಲಿಸಿದರು. ನಾನು ಮಡಿಸಿಟ್ಟ ಬಟ್ಟೆಯ ಗಾಡಿ ಎಳೆದೆ. ದೊಡ್ಡಕ್ಕ ತಲೆ ಹಿಡಿದಳು, ನಾನು ಕಾಲು. ಹುಡುಗಿಯನ್ನು ಬಿಳಿ ಹಾಸುಗಳ ಮೇಲೆ ಮಲಗಿಸಿದೆವು.

ಪಂಚಾಂಗ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತ.

“ಏಯ್, ಅದು ಆಪರೇಷನ್ ಕೋಣೆಗೆ ಹೋಗೋ ಬಟ್ಟೆ!”

“ಅಲ್ಲಿಗೇ ಹೋಗ್ತಿರೋದು,” ಅಂದೆ, ಗಾಡಿಯನ್ನು ಅವನ ಪಾದದ ಮೇಲೆ ಹರಿಸಿದೆ.