ನಲವತ್ತರ ಬೋರ್ಡು ಕಂಡಾಗ

ನಮ್ಮ ಮಂದಿ ಎಲ್ಲಿಗೆ ಹೊರಟರೂ ಮನೆ ಬಿಡುವಾಗ ತಡ. ಬುತ್ತಿ ಕಟ್ಟಬೇಕು, ಗ್ಯಾಸ್ ಆರಿಸಿದ್ದು ನೋಡಬೇಕು, ಬೀಗ ಹಾಕಿದ ಮೇಲೆ ಮತ್ತೊಮ್ಮೆ ಬಾಗಿಲು ತೆಗೆಯಬೇಕು. ಆಮೇಲೆ ಆ ತಡವನ್ನೆಲ್ಲ ರಸ್ತೆಯ ಮೇಲೆ ತುಂಬಿಕೊಳ್ಳಲು ಹೋಗುತ್ತೇವೆ. ಮೆಲ್ಬರ್ನಿನ ಟ್ರುಗನಿನಾದಲ್ಲಿರುವ ಗುರುವಿನ ಮನೆಯಲ್ಲೂ ಆ ದಿನ ಹಾಗೆಯೇ ಆಯಿತು.

ಗುರು ಧಾರವಾಡದವನು. ಓದಲು ಬಂದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು, ಈಗ ನಗರದ ಇನ್ನೊಂದು ತುದಿಯ ಬಾಕ್ಸ್ ಹಿಲ್‌ನ ಆಫೀಸೊಂದರಲ್ಲಿ ಕೆಲಸದಲ್ಲಿದ್ದ. ಸಿಡ್ನಿಯಲ್ಲಿರುವ ಅವನ ದೊಡ್ಡಪ್ಪನ ಮಗಳು ಅಮೂಲ್ಯಾಳ ಹೊಸ ಮನೆಯ ಗೃಹಪ್ರವೇಶ ಮರುದಿನವೇ ಇತ್ತು. ಕಾರಿನಲ್ಲಿ ಪಕ್ಕದಲ್ಲಿ ಹೆಂಡತಿ ಕೃಪಾ, ಹಿಂದೆ ಅಪ್ಪ ಪಂಚಾಕ್ಷರಯ್ಯ. ಮಗನ ಸಂಸಾರ ನೋಡಲು ಬಂದಿದ್ದ ಅವರು ಊರಲ್ಲಿ ಬಹಳ ವರ್ಷ ರಸ್ತೆ ಗುತ್ತಿಗೆ ಮಾಡಿದವರು. ಇಲ್ಲಿಯ ಹೆದ್ದಾರಿ ಕಂಡು ಅವರಿಗೆ ಖುಷಿಯೋ ಖುಷಿ. ಒಂದು ತಗ್ಗಿಲ್ಲ, ಒಂದು ದಿಣ್ಣೆಯಿಲ್ಲ, ಇಂಥ ರಸ್ತೆಯಲ್ಲಿ ಯಾಕೆ ಇಷ್ಟು ನಿಧಾನ ಎಂದು ಮಗನನ್ನು ಕೇಳುತ್ತಲೇ ಇದ್ದರು.

ಗುರುವಿಗೂ ಅಷ್ಟೇ ಬೇಕಾಗಿತ್ತು, ಬೋರ್ಡಿನ ಮಿತಿ ದಾಟಿ ಓಡಿಸತೊಡಗಿದ. ಕೃಪಾ ಎರಡು ಸಲ ಎಚ್ಚರಿಸಿದಳು. ಅವಳು ಇತ್ತೀಚೆಗಷ್ಟೇ ಇಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾದವಳು, ನಿಯಮಗಳೆಲ್ಲ ತಲೆಯಲ್ಲಿ ಹಸಿಯಾಗಿದ್ದವು. ಗುರು ನಕ್ಕ. ಹತ್ತು ಹದಿನೈದು ಹೆಚ್ಚಾದರೆ ಯಾರೂ ಕೇಳುವುದಿಲ್ಲ, ವೇಗ ಹಿಡಿಯುವ ಕ್ಯಾಮೆರಾ ಇದ್ದಲ್ಲಿ ಫೋನ್ ಹೇಳುತ್ತದೆ, ಆಗ ನಿಧಾನ ಮಾಡಿದರಾಯಿತು ಎಂದ. ಎಲ್ಲ ಕ್ಯಾಮೆರಾ ಫೋನಿಗೆ ಗೊತ್ತಿರುವುದಿಲ್ಲ, ರಸ್ತೆ ಬದಿಯ ಕಾರಿನಲ್ಲೂ ಇರುತ್ತದೆ ಎಂದು ಅವಳು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಗಡಿ ದಾಟಿ ಬಹಳ ದೂರ ಹೋದ ಮೇಲೆ ಒಂದು ಕಡೆ ರಸ್ತೆ ಕೆಲಸ ನಡೆದಿತ್ತು. ಮೊದಲು ಎಂಬತ್ತರ ವೇಗಮಿತಿಯ ಬೋರ್ಡು, ಆಮೇಲೆ ನಲವತ್ತರದು. ಗುರು ಕಾಲು ಸಡಿಲಿಸಿದ, ಆದರೆ ಬ್ರೇಕ್ ಒತ್ತಲಿಲ್ಲ. ಕಾರು ಇನ್ನೂ ಅರವತ್ತರ ಹತ್ತಿರವೇ ಇತ್ತು. ತಿರುವಿನಾಚೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಬ್ಬ ಹುಡುಗಿ, ನಿಧಾನವಾಗಿ ಹೋಗಿ ಎಂದು ಬರೆದ ಫಲಕ ಹಿಡಿದು ನಿಂತಿದ್ದಳು. ಹಿಂದಿನಿಂದ ಯಾರೋ ಕರೆದರೆಂದು ಅವಳು ತಿರುಗಿ ಒಂದು ಹೆಜ್ಜೆ ರಸ್ತೆಯ ಕಡೆಗೆ ಇಟ್ಟಳು.

ಗುರು ಬ್ರೇಕ್ ಒತ್ತಿದ. ಟೈರು ಕಿರುಗುಟ್ಟಿತು. ಹುಡುಗಿ ಹಿಂದಕ್ಕೆ ಹಾರಿದಳು, ಫಲಕ ನೆಲಕ್ಕೆ ಬಿತ್ತು. ಕಾರು ಅವಳನ್ನು ಸವರಿದಂತೆ ಮುಂದೆ ಹೋಗಿ ನಿಂತಿತು. ಕನ್ನಡಿಯಲ್ಲಿ ಅವಳು ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನಿಂತಿದ್ದು ಗುರುವಿಗೆ ಕಂಡಿತು. ಅವಳ ಹಿಂದೆಯೇ ಪೊಲೀಸ್ ಕಾರಿನ ಕೆಂಪು ನೀಲಿ ದೀಪವೂ ಕಂಡಿತು.

ಅವನು ಕಾರನ್ನು ರಸ್ತೆಯ ಎಡಬದಿಗೆ ತಂದು ನಿಲ್ಲಿಸಿ, ಊರಿನ ರೂಢಿಯಂತೆ ಇಳಿದು ಹೋಗಿ ಮಾತಾಡಲು ಬೆಲ್ಟ್ ಬಿಚ್ಚಹೋದ. ಕೃಪಾ ಅವನ ತೋಳು ಹಿಡಿದಳು.

“ಇಳೀಬ್ಯಾಡ್ರಿ. ಅವರು ಹೇಳೂತನಕಾ ಒಳಗ ಕೂಡ್ರಿ. ಎರಡೂ ಕೈ ಸ್ಟೇರಿಂಗ್ ಮ್ಯಾಲೆ ಇರ್ಲಿ.”

ಹಿಂದಿನ ಸೀಟಿನಲ್ಲಿ ಪಂಚಾಕ್ಷರಯ್ಯ ಕಿಸೆಗೆ ಕೈ ಹಾಕಿ ನೋಟು ಮಡಚುತ್ತಿದ್ದರು. “ಏನ್ ಹೆದರಬ್ಯಾಡೋ ತಮ್ಮಾ, ಇಷ್ಟು ಕೊಟ್ಟು ಮುಗಿಸೂಣು,” ಎಂದರು.

ಕೃಪಾ ಹಿಂದೆ ತಿರುಗಿ ಮಾವನ ಮುಷ್ಟಿಯ ಮೇಲೆ ಕೈ ಇಟ್ಟಳು. “ಮಾವಾರ, ಇಲ್ಲಿ ಅದು ನಡಿಯಂಗಿಲ್ರಿ. ರೊಕ್ಕ ತೋರಿಸಿದ್ರ ಅದಽ ದೊಡ್ಡ ಕೇಸ್ ಆಕ್ಕೈತಿ. ಕಿಸೇದಾಗ ಇಟ್ಟುಬಿಡ್ರಿ.”

ಸೊಸೆ ಅವರಿಗೆ ಎಂದೂ ಅಡ್ಡ ಮಾತಾಡಿದವಳಲ್ಲ. ಅವರು ನೋಟು ಒಳಗಿಟ್ಟರು.

ಅಧಿಕಾರಿ ಕಿಟಕಿಯ ಬಳಿ ಬಂದ. ದನಿ ಏರಿಸಲಿಲ್ಲ. ಲೈಸೆನ್ಸ್ ನೋಡಿದ, ಕುಡಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ಗುರು ಉಳಿದವರೂ ಜೋರಾಗಿಯೇ ಬರುತ್ತಿದ್ದರು ಎಂದು ವಾದಿಸಿದ. ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಹಿಂದೆ ಕುಸಿದು ಕೂತಿದ್ದ ಹುಡುಗಿಯ ಕಡೆಗೆ ಬೆರಳು ಮಾಡಿ, ಆಕೆಯೂ ಇವತ್ತು ಮನೆಗೆ ಹೋಗಬೇಕು ಎಂದಷ್ಟೇ ಹೇಳಿದ. ದಂಡ ಬಿತ್ತು. ಲೈಸೆನ್ಸಿಗೆ ಮೂರು ಡಿಮೆರಿಟ್ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬಿದ್ದವು. ಬೇರೆ ರಾಜ್ಯದಲ್ಲಿ ಬಿದ್ದ ಪಾಯಿಂಟು ಮೆಲ್ಬರ್ನಿನ ಲೈಸೆನ್ಸಿಗೂ ಹತ್ತುತ್ತದೆ ಎಂದು ಗುರುವಿಗೆ ಆಗಲೇ ಗೊತ್ತಾಗಿದ್ದು. ಹೋದ ವರ್ಷ ಕ್ಯಾಮೆರಾಕ್ಕೆ ಸಿಕ್ಕಿಬಿದ್ದಾಗಿನ ಪಾಯಿಂಟುಗಳು ಬೇರೆ ಇದ್ದವು. ಹೀಗೇ ಸೇರುತ್ತಾ ಹೋದರೆ ಲೈಸೆನ್ಸೇ ಹೋಗುತ್ತದೆ, ಲೈಸೆನ್ಸ್ ಹೋದರೆ ಟ್ರುಗನಿನಾದಿಂದ ಬಾಕ್ಸ್ ಹಿಲ್‌ವರೆಗೆ ದಿನಾ ಹೋಗಿಬರುವುದು ಹೇಗೆ ಎಂದು ಅವನು ಲೆಕ್ಕ ಹಾಕಿದ.

ಅಲ್ಲಿಂದ ಸಿಡ್ನಿಯವರೆಗೆ ಕೃಪಾ ಓಡಿಸಿದಳು.

ಅಮೂಲ್ಯಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ರಸ್ತೆ ಅಪಘಾತದಲ್ಲಿ ಕೈಕಾಲು ಮುರಿದುಕೊಂಡವರನ್ನು ಮತ್ತೆ ನಡೆಸುವುದು ಅವಳ ದಿನದ ಕೆಲಸ. ನಡೆದದ್ದನ್ನೆಲ್ಲ ಕೇಳಿ ಅವಳು ತಮ್ಮನಿಗೆ ಬೈಯಲಿಲ್ಲ. ಹುಡುಗಿ ಕಾರಿನಿಂದ ಎಷ್ಟು ದೂರ ಇದ್ದಳು ಎಂದು ಕೇಳಿದಳು. ಗುರು ಎರಡು ಕೈ ಚಾಚಿ ತೋರಿಸಿದ. ಆಮೇಲೆ ಕೈಗಳನ್ನು ಇನ್ನೂ ಹತ್ತಿರ ತಂದ.

“ನಲವತ್ತರಾಗ ಇದ್ದಿದ್ರ ನೀ ಆಕಿನ್ನ ಮುಟ್ಟೂದರೊಳಗ ಆರಾಮ ನಿಲ್ಲಿಸ್ತಿದ್ದಿ,” ಎಂದಳು ಅಮೂಲ್ಯಾ. “ಇವತ್ತು ಆಕಿ ಹಾರಿದ್ದಕ್ಕ ಉಳದಾಳ, ನೀ ನಿಲ್ಲಿಸಿದ್ದಕ್ಕಲ್ಲ.”

ಗುರು ಚಾಚಿದ್ದ ಕೈಗಳನ್ನು ಕೆಳಗಿಳಿಸಿದ.

ಆಗ ಪಂಚಾಕ್ಷರಯ್ಯ ಬಾಯಿಬಿಟ್ಟರು. ಊರಿನ ರಸ್ತೆ ಕೆಲಸದಲ್ಲಿ ಅವರ ಕೈಕೆಳಗೆ ಮಲ್ಲವ್ವ ಎಂಬ ಹೆಣ್ಣುಮಗಳು ಜಲ್ಲಿ ಹೊರುವ ಕೆಲಸಕ್ಕಿದ್ದಳಂತೆ. ಒಂದು ದಿನ ಟೆಂಪೋ ಒಂದು ಅಡ್ಡಲಾಗಿ ಇಟ್ಟ ಕಲ್ಲುಗಳನ್ನು ಲೆಕ್ಕಿಸದೆ ನುಗ್ಗಿ ಬಂತು. ಆಕೆಯ ಕಾಲು ಹೋಯಿತು. ಆ ಡ್ರೈವರನನ್ನು ತಾನು ವರ್ಷಗಟ್ಟಲೆ ಬೈದಿದ್ದೇನೆ ಎಂದರು.

“ಇವತ್ತು ಆ ಗಾಡ್ಯಾಗ ನಾನಽ ಕುಂತಿದ್ದೆ. ಜೋರ ಹೊಡಿ ಅಂತ ಹೇಳಿದಾಂವನೂ ನಾನಽ.”

ಮಗ ಅಪ್ಪನ ಪಕ್ಕಕ್ಕೆ ಬಂದು ಕೂತ. ಇನ್ನು ಮುಂದೆ ಹಾಗೆ ಓಡಿಸುವುದಿಲ್ಲ ಎಂದ. ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟರು.

ಗೃಹಪ್ರವೇಶ ಚೆನ್ನಾಗಿ ಆಯಿತು. ಮರಳುವ ದಿನ ಬುತ್ತಿ ಹಿಂದಿನ ಸಂಜೆಯೇ ಸಿದ್ಧವಾಗಿತ್ತು. ಎಲ್ಲರೂ ನಸುಕಿನಲ್ಲೇ ಹೊರಟರು. ಗುರು ಮತ್ತು ಕೃಪಾ ಸರದಿಯ ಮೇಲೆ ಓಡಿಸಿದರು, ದಾರಿಯಲ್ಲಿ ನಿಂತು ಚಹಾ ಕುಡಿದರು. ಗಡಿ ದಾಟಿದ ಮೇಲೆ ಮತ್ತೊಂದು ಕಡೆ ರಸ್ತೆ ಕೆಲಸ. ಗುರು ಬೋರ್ಡಿನ ಹತ್ತಿರ ಬರುವಷ್ಟರಲ್ಲಿ ನಲವತ್ತಕ್ಕೆ ಇಳಿಸಿದ್ದ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ. ಗುರು ವೇಗ ಏರಿಸಲಿಲ್ಲ. ಫಲಕ ಹಿಡಿದಿದ್ದ ಮುದುಕನೊಬ್ಬ ಅವರ ಕಡೆ ನೋಡಿ ಕೈ ಎತ್ತಿದ. ಪಂಚಾಕ್ಷರಯ್ಯ ಕಿಟಕಿ ಇಳಿಸಿ ತಾವೂ ಕೈ ಎತ್ತಿದರು.

ಅಕ್ಕ, ಅಣ್ಣ, ಆಂಟಿ, ಅಂಕಲ್, ಈ ಮಾತು ನಿಮಗೆ. ನೀವು ಇಲ್ಲಿಯ ಲೈಸೆನ್ಸಿನಲ್ಲಿ ಓಡಿಸಿರಿ, ಊರಿನ ಲೈಸೆನ್ಸಿನಲ್ಲಿ ಓಡಿಸಿರಿ, ಬೋರ್ಡು ಎಲ್ಲರಿಗೂ ಒಂದೇ. ಬೋರ್ಡಿನಲ್ಲಿರುವುದು ಗರಿಷ್ಠ ಮಿತಿ, ಅದರ ಮೇಲೆ ಹತ್ತು ಪುಕ್ಕಟೆ ಸಿಗುವುದಿಲ್ಲ. ಶಾಲೆಯ ಮುಂದೆ, ಕೆಲಸ ನಡೆಯುವಲ್ಲಿ ಇನ್ನಷ್ಟು ಎಚ್ಚರ ಇರಲಿ. ಪೊಲೀಸರು ನಿಲ್ಲಿಸಿದರೆ ಒಳಗೇ ಕುಳಿತು ಸಮಾಧಾನವಾಗಿ ಉತ್ತರ ಕೊಡಿ, ಹಣದ ಮಾತು ಮಾತ್ರ ಎತ್ತಬೇಡಿ. ಊರಿನಿಂದ ಬಂದ ಹಿರಿಯರಿಗೂ ಇದನ್ನು ಮೊದಲೇ ತಿಳಿಸಿ. ಇವತ್ತೇ ನಿಮ್ಮ ಕಾರು ಹತ್ತುವಾಗ ಕಾಲು ಗಂಟೆ ಮುಂಚೆ ಹೊರಡಿ. ನಿಮ್ಮ ಮನೆಯವರಂತೆ ರಸ್ತೆಯ ಮೇಲಿರುವವರ ಮನೆಯವರೂ ದಾರಿ ಕಾಯುತ್ತಿದ್ದಾರೆ.